ನೀರು ಕುಡಿದು ಬರುತ್ತೇನೆಂದು ಎದ್ದವರು

ಕಿರುಗಾವಲು
೧೦ ಜುಲೈ ೨೦೨೪

ಮಾವನವರಿಗೆ ಅಪ್ಪು ಮಾಡುವ ನಮಸ್ಕಾರಗಳು.

ಫೋನು ಮಾಡುವುದು ಬಿಟ್ಟು ಅಳಿಯ ಕಾಗದ ಬರೆದಿದ್ದಾನಲ್ಲ ಎಂದು ಗಾಬರಿಯಾಗಬೇಡಿ. ಎಲ್ಲರೂ ಚೆನ್ನಾಗಿದ್ದೇವೆ. ನಯನ ಒಂದನೇ ಕ್ಲಾಸಿಗೆ ಹೋಗುತ್ತಿದ್ದಾಳೆ. ಕೂಸು ಮೊನ್ನೆ ತಾನೇ ಮಗುಚಿಕೊಳ್ಳುವುದನ್ನು ಕಲಿತಿತು. ಕಾಗದ ಯಾಕೆಂದರೆ ನಿಮಗೆ ಕಿವಿ ಮಂದ. ಫೋನಿನಲ್ಲಿ ನಾನು ಇಲ್ಲಿಂದ ಕೂಗಬೇಕು, ನೀವು ಅಲ್ಲಿಂದ 'ಏನಂದ್ರಿ?' ಎಂದು ಅದಕ್ಕಿಂತ ಜೋರಾಗಿ ಕೂಗಬೇಕು. ನಾನು ಹೇಳಬೇಕಾದದ್ದು ಬೀದಿಗೆಲ್ಲ ಕೇಳಿಸುವಂಥದ್ದಲ್ಲ. ಎದುರಿಗೆ ಬಂದು ಹೇಳೋಣವೆಂದರೆ ಮಾವನ ಮುಂದೆ ಅಳಿಯ ಬಾಯಿಬಿಡುವ ವಿಷಯವೂ ಅಲ್ಲ.

ಹೆರಿಗೆಯ ಸಮಯದಲ್ಲಿ ಅರ್ಪಿತಳಿಗೆ ಉಸಿರು ಕಟ್ಟಿತ್ತಲ್ಲ, ಅದಕ್ಕೆ ಕಾರಣ ಸಿಕ್ಕಿದೆ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಒಂದು ಕವಾಟ ಕಿರಿದಾಗಿದೆಯಂತೆ. ಮಾತ್ರೆ ನುಂಗಿಕೊಂಡು ಜಾಗ್ರತೆಯಾಗಿದ್ದರೆ ಭಯವಿಲ್ಲ. ಆದರೆ ಇನ್ನೊಂದು ಸಲ ಬಸಿರಾದರೆ ಜೀವಕ್ಕೇ ಕುತ್ತು ಎಂದು ಮಂಡ್ಯದ ಡಾಕ್ಟರು ಬಿಡಿಸಿ ಹೇಳಿದರು. ಮಕ್ಕಳಾಗದಂತೆ ಅವಳಿಗೆ ಆಪರೇಷನ್ ಮಾಡುವುದಾದರೂ ಎದೆಯ ಡಾಕ್ಟರು ಪಕ್ಕದಲ್ಲಿರುವ ದೊಡ್ಡಾಸ್ಪತ್ರೆಯಲ್ಲೇ ಆಗಬೇಕು. 'ನಿಮಗಾದ್ರೆ ಕಾಲು ಗಂಟೆ ಕೆಲಸ' ಎಂದು ನನ್ನ ಮುಖ ನೋಡಿದರು.

ನಾನು ಮಾಡಿಸಿಕೊಳ್ಳುತ್ತೇನೆ ಮಾವ. ನಿರ್ಧಾರ ಮಾಡಿದ್ದೇನೆ. ಕಷ್ಟ ಬಂದಿರುವುದು ನಿಮ್ಮ ಮಗಳಿಂದ. 'ಕರೆಂಟು ಕಂಬ ಹತ್ತಿ ಬದುಕೋ ಗಂಡಸು ನೀವು. ಆಪರೇಷನ್ ಮಾಡಿಸ್ಕಂಡ್ರೆ ಗಂಡಸರ ಶಕ್ತಿ ಓಯ್ತದೆ ಅಂತ ನಮ್ಮಪ್ಪ ಯಾವಾಗ್ಲೂ ಏಳ್ತಿತ್ತು' ಎನ್ನುತ್ತಾಳೆ. ಆಗಸ್ಟ್ ಇಪ್ಪತ್ತಮೂರಕ್ಕೆ ಮಳವಳ್ಳಿಯಲ್ಲಿ ಹೆಂಗಸರ ಕ್ಯಾಂಪಿದೆಯಂತೆ. ಎದೆಯ ವಿಷಯ ಮುಚ್ಚಿಟ್ಟು ತಾನೇ ಹೋಗಿ ಮಾಡಿಸಿಕೊಂಡು ಬರುತ್ತೇನೆಂದು ಹಟ ಹಿಡಿದಿದ್ದಾಳೆ. ನನ್ನ ಮಾತು ಅವಳ ಕಿವಿಗೆ ಹೋಗುವುದಿಲ್ಲ. 'ಅಪ್ಪ ಹೂಂ ಅಂದ್ರೆ ಮಾತ್ರ ನಿಮ್ಮನ್ನ ಕಳಿಸ್ತೀನಿ' ಎಂದುಬಿಟ್ಟಿದ್ದಾಳೆ.

ಒಂದು ಹೂಂ ಅನ್ನಿ ಮಾವ. ಅಷ್ಟೇ ಕೇಳುತ್ತಿರುವುದು.

ನಿಮ್ಮ ಅಳಿಯ,
ಅಪ್ಪು


ಆತಗೂರು
೧೮ ಜುಲೈ ೨೦೨೪

ಅಳಿಯಂದಿರಿಗೆ ಹೊನ್ನಯ್ಯನ ಆಶೀರ್ವಾದ.

ನಿಮ್ಮ ಕಾಗದ ಕೊಟ್ಟಿಗೆಯಲ್ಲಿ ನಿಂತುಕೊಂಡೇ ಓದಿದೆ. ಓದಿ ಮುಗಿಸುವ ಹೊತ್ತಿಗೆ ನನ್ನ ಕೈಲಿದ್ದ ಹುಲ್ಲನ್ನು ಎತ್ತು ಎಳೆದುಕೊಂಡು ತಿಂದಿತ್ತು. ಮಗಳ ಎದೆಯ ವಿಷಯವನ್ನು ಇನ್ನೊಂದು ಸಲ ಓದಿದೆ. ಆ ಜ್ವರ ನನಗೆ ನೆನಪಿದೆ. ನಾಲ್ಕನೇ ಕ್ಲಾಸಿನಲ್ಲಿದ್ದಳು. ಮಂಡಿ ಊದಿಕೊಂಡಿತ್ತು, ಎಣ್ಣೆ ತಿಕ್ಕಿ ಸುಮ್ಮನಾದೆವು. ನಮಗೇನು ಗೊತ್ತಿತ್ತು ಹೇಳಿ.

ಇನ್ನು ನಿಮ್ಮ ಆಪರೇಷನ್ ವಿಷಯ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಒಪ್ಪಿದೆ. ಆದರೆ ಈ ಒಂದು ವಿಷಯದಲ್ಲಿ ನಿಮ್ಮ ಮಂಡ್ಯದ ಡಾಕ್ಟರಿಗಿಂತ ನನಗೇ ಹೆಚ್ಚು ಗೊತ್ತು. ನಲವತ್ತು ವರ್ಷದಿಂದ ಹಳ್ಳಿಕಾರ್ ಹೋರಿ ಸಾಕುತ್ತಿದ್ದೇನೆ. ಎಷ್ಟು ಹೋರಿಗೆ ಬೀಜ ಒಡೆಸಿಲ್ಲ ನಾನು! ಮುಂಚೆ ಹೇಗಿರುತ್ತದೆ ಗೊತ್ತೆ? ಬೆನ್ನ ಮೇಲಿನ ಇಣಿಲು ಎತ್ತಿ ನಿಂತರೆ ಇಬ್ಬರು ಹಗ್ಗ ಹಿಡಿಯಬೇಕು. ಒಡೆಸಿದ ಮೇಲೆ ಇಣಿಲು ಇಳಿಯುತ್ತದೆ, ಕತ್ತು ಸಣ್ಣಗಾಗುತ್ತದೆ, ಪಕ್ಕದಲ್ಲಿ ಹಸು ನಿಂತಿದ್ದರೂ ತಿರುಗಿ ನೋಡುವುದಿಲ್ಲ. ಹೇಳಿದ ಕಡೆ ಹೋಗುತ್ತದೆ, ಹೇಳಿದ ಕಡೆ ನಿಲ್ಲುತ್ತದೆ. ಎತ್ತು ಅಂದರೆ ಅದೇ. ನನ್ನ ಮಗಳನ್ನು ಗಂಡಸಿಗೆ ಕೊಟ್ಟಿದ್ದೇನೆಯೇ ಹೊರತು ಎತ್ತಿಗಲ್ಲ. ಕೋಪ ಮಾಡಿಕೊಳ್ಳಬೇಡಿ, ಇದ್ದದ್ದು ಇದ್ದಹಾಗೆ ಹೇಳುವವನು ನಾನು.

ಇನ್ನೊಂದು ಮಾತು. ನಾಲೆಯ ತೂಬು ಮುಚ್ಚಿದರೆ ನೀರು ಎಲ್ಲಿಗೆ ಹೋಗಬೇಕು? ಏರಿ ಒಡೆಯುತ್ತದೆ. ಮೈಯೊಳಗೂ ಅಷ್ಟೇ ಅಲ್ಲವೇ? ನಮ್ಮೂರಿನ ಕೆಂಪಸಿದ್ದಯ್ಯನನ್ನೇ ನೋಡಿ. ಆಪರೇಷನ್ ಮಾಡಿಸಿಕೊಂಡ. ಸೊಂಟ ಹೋಯಿತು. ಈಗ ಮಳವಳ್ಳಿಯಲ್ಲಿ ಮಗಳ ಮನೆಯ ಜಗಲಿ ಹಿಡಿದು ಕೂತಿದ್ದಾನೆ. ನೀವು ಕರೆಂಟಿನ ಕಂಬ ಹತ್ತುವವರು. ಮೇಲೆ ಹೋದಾಗ ಕೈ ಸೋತರೆ ಗತಿಯೇನು?

ಹೆಂಗಸರು ತಡೆದುಕೊಳ್ಳುತ್ತಾರೆ. ನಿಮ್ಮತ್ತೆ ಯಶೋದಾ ಕೂಡ ಮಾಡಿಸಿಕೊಂಡಿದ್ದಳು. ಅರ್ಪಿತಳನ್ನು ದೊಡ್ಡಾಸ್ಪತ್ರೆಗೇ ಕರೆದುಕೊಂಡು ಹೋಗಿ, ಬೇಕಾದರೆ ನಾನೂ ಬಂದು ಕೂರುತ್ತೇನೆ. ನಿಮಗೆ ಮಾತ್ರ ಬೇಡ.

ನಿಮ್ಮ ಒಳ್ಳೆಯದಕ್ಕೇ ಹೇಳುವ,
ಹೊನ್ನಯ್ಯ


ಕಿರುಗಾವಲು
೨೯ ಜುಲೈ ೨೦೨೪

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಮೊದಲು ನಗು ಬಂತು. ಆಮೇಲೆ ಹೆದರಿಕೆಯಾಯಿತು. ಸುಳ್ಳು ಯಾಕೆ ಹೇಳಲಿ, ಎತ್ತಿನ ಮಾತು ಓದಿದ ಮೇಲೆ ಎರಡು ದಿನ ಕನ್ನಡಿ ಮುಂದೆ ನಿಂತು ಕತ್ತು ನೋಡಿಕೊಂಡೆ. ರಜೆ ಹಾಕಿ ಮಂಡ್ಯಕ್ಕೆ ಹೋದೆ. ಅಲ್ಲಿ ಮೋಹಿನಿ ಅಂತ ಒಬ್ಬರು ಸಿಸ್ಟರ್ ಇದ್ದಾರೆ, ಈ ಆಪರೇಷನ್ನಿಗೆ ಬರುವವರಿಗೆ ತಿಳಿಹೇಳುವುದೇ ಅವರ ಕೆಲಸ. ನಿಮ್ಮ ಹೆಸರು ಹೇಳದೆ ನಿಮ್ಮ ಪ್ರಶ್ನೆಗಳನ್ನೆಲ್ಲ ನನ್ನವೇ ಎಂಬಂತೆ ಕೇಳಿದೆ. 'ನಿಮ್ಮಾವ ಎತ್ತು ಸಾಕಿದ್ದಾರಾ?' ಎಂದು ಅವರೇ ಕೇಳಿಬಿಟ್ಟರು! ಮಂಡ್ಯದ ಕಡೆ ಗಂಡಸರು ಅರ್ಧಕ್ಕರ್ಧ ಜನ ಇದನ್ನೇ ಕೇಳುತ್ತಾರಂತೆ.

ಅವರು ಹೇಳಿದ್ದು ಇಷ್ಟು. ಹೋರಿಗೆ ಇಕ್ಕಳ ಹಾಕಿ ಒತ್ತಿದಾಗ ಬೀಜಕ್ಕೆ ರಕ್ತ ಹೋಗುವ ನಾಳಗಳೇ ಜಜ್ಜಿಹೋಗುತ್ತವೆ, ಬೀಜ ಒಣಗುತ್ತದೆ. ಬೀಜ ಹೋದರೆ ಗಂಡುತನದ ಹಾರ್ಮೋನೂ ಹೋಯಿತು. ಮನುಷ್ಯರಿಗೆ ಮಾಡುವುದು ಅದಲ್ಲವೇ ಅಲ್ಲ. ಬೀಜ ಮುಟ್ಟುವುದಿಲ್ಲ, ರಕ್ತನಾಳ ಮುಟ್ಟುವುದಿಲ್ಲ. ವೀರ್ಯಾಣು ಸಾಗಿಸುವ ಒಂದು ಸಣ್ಣ ಕೊಳವೆ ಎರಡು ಕಡೆಯೂ ಇರುತ್ತದೆ, ಅದನ್ನು ಮಾತ್ರ ಕತ್ತರಿಸಿ ಕಟ್ಟುತ್ತಾರೆ. ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಮಾವ, ಟ್ರಾನ್ಸ್‌ಫಾರ್ಮರ್ ಹಾಗೇ ಇರುತ್ತದೆ, ಮೇನ್ ಲೈನ್ ಹಾಗೇ ಇರುತ್ತದೆ, ಒಂದು ಮನೆಗೆ ಹೋಗುವ ಸರ್ವಿಸ್ ವೈರು ಮಾತ್ರ ಬಿಚ್ಚಿದಂತೆ. ಹಾರ್ಮೋನು ರಕ್ತದಲ್ಲಿ ಸೇರಿ ಹೋಗುವುದರಿಂದ ಮೀಸೆಯೂ ಇರುತ್ತದೆ, ಶಕ್ತಿಯೂ ಇರುತ್ತದೆ, ಆಸೆಯೂ ಇರುತ್ತದೆ. ವೀರ್ಯವೂ ಮೊದಲಿನಂತೆಯೇ ಬರುತ್ತದಂತೆ, ಅದರಲ್ಲಿ ಮಗುವಾಗುವ ಅಣು ಇರುವುದಿಲ್ಲ ಅಷ್ಟೇ. ನಿಮ್ಮ ತೂಬಿನ ಪ್ರಶ್ನೆಯನ್ನು ಸಿಸ್ಟರ್ ಮೆಚ್ಚಿಕೊಂಡರು. ಏರಿ ಒಡೆಯುವುದಿಲ್ಲವಂತೆ. ಹೊರಗೆ ಬರದ ಅಣುಗಳನ್ನು ಮೈಯೇ ಕರಗಿಸಿಕೊಳ್ಳುತ್ತದೆ. ಮತ್ತೆ ಮಕ್ಕಳು ಬೇಕೆಂದರೆ ಜೋಡಿಸುವುದು ಕಷ್ಟ, ಆದ್ದರಿಂದ ಮನಸ್ಸು ಗಟ್ಟಿ ಮಾಡಿಕೊಂಡೇ ಬನ್ನಿ ಎಂದರು.

ಧೈರ್ಯ ಬಂದು ಇನ್ನೊಂದನ್ನೂ ಕೇಳಿದೆ. ಅದನ್ನು ನಿಮಗೆ ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಮದ್ದೂರಿನ ಒಂದು ಲಾಡ್ಜಿಗೆ ಹೋಗಿದ್ದೆ. ರೈಲ್ವೆ ಗೋಡೆ ಮೇಲೆಲ್ಲ 'ಬಾಲ್ಯದ ತಪ್ಪುಗಳಿಂದ ನಿಶ್ಶಕ್ತರಾಗಿದ್ದೀರಾ' ಎಂದು ಬರೆಸಿ ತಿಂಗಳಿಗೊಮ್ಮೆ ಬರುವ ವೈದ್ಯನಿದ್ದನಲ್ಲ, ಅವನ ಹತ್ತಿರ. ನಲವತ್ತು ತೊಟ್ಟು ರಕ್ತಕ್ಕೆ ಒಂದು ತೊಟ್ಟು ವೀರ್ಯ, ನಿನ್ನ ಮೈಯಲ್ಲಿ ಇನ್ನೇನೂ ಉಳಿದಿಲ್ಲ, ಮದುವೆಗೆ ನೀನು ಲಾಯಕ್ಕಿಲ್ಲ ಎಂದ. ಆರು ತಿಂಗಳು ಅವನ ಬೂದಿಯಂಥ ಪುಡಿ ತಿಂದೆ. ನಿಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ನಾನು ತಲೆ ಎತ್ತಲಿಲ್ಲವಲ್ಲ, 'ಹುಡುಗ ಬಾಳ ನಾಚ್ಕೆ' ಎಂದು ನೀವು ಹೊಗಳಿದಿರಂತೆ. ಅದು ನಾಚಿಕೆಯಲ್ಲ ಮಾವ, ಹೆದರಿಕೆ. ನಿಮ್ಮ ಮಗಳ ಬಾಳು ಹಾಳುಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಸಿಸ್ಟರ್ ಕೇಳಿ ನಗಲಿಲ್ಲ. ರಕ್ತಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಹರೆಯದಲ್ಲಿ ಎಲ್ಲ ಹುಡುಗರಿಗೂ ಆಗುವುದೇ ಅದು, ರೋಗವಲ್ಲ ಎಂದರು. ಇಷ್ಟು ವರ್ಷ ಒಬ್ಬರೂ ನನಗೆ ಹೀಗೆ ಹೇಳಿರಲಿಲ್ಲ.

ಬರುವಾಗ ಮಳವಳ್ಳಿಯಲ್ಲಿ ಇಳಿದು ಕೆಂಪಸಿದ್ದಯ್ಯನವರನ್ನೂ ನೋಡಿದೆ. ನಿಮ್ಮ ಮಾತು ಹೇಳಿದ್ದಕ್ಕೆ ಅವರು, 'ಆಪ್ರೇಸನ್‌ಗೂ ಸೊಂಟಕ್ಕೂ ಏನ್ ಸಂಬಂಧ ಕಣಪ್ಪ? ಆಪ್ರೇಸನ್ ಆದ್ಮೇಲೆ ಇಪ್ಪತ್ತು ವರ್ಸ ಆಲೆಮನೇಲಿ ಕೊಪ್ಪರಿಗೆ ಇಳ್ಸಿವ್ನಿ. ಸೊಂಟ ಓಗಿದ್ದು ತೆಂಗಿನ ಮರದಿಂದ ಬಿದ್ದು' ಎಂದರು. ಒಳಗಿನಿಂದ ಅವರ ಮನೆಯವರು ಪಟ್ಟಲಮ್ಮ, 'ಆಪ್ರೇಸನ್ ಆದ್ರೆ ಈವಯ್ಯನ ಕಾಟ ಕಮ್ಮಿ ಆಯ್ತದೆ ಅನ್ಕಂಡಿದ್ದೆ, ಎಲ್ ಬಂತು!' ಎಂದು ಕೂಗಿದರು. ನಾನು ಚಪ್ಪಲಿ ಹುಡುಕಿಕೊಂಡು ಹೊರಟೆ.

ಹೊರಡುವಾಗ ಕೆಂಪಸಿದ್ದಯ್ಯನವರು ಇನ್ನೊಂದು ಮಾತಂದರು. 'ನಿಮ್ಮಾವ ಅವತ್ತು ನನ್ ಪಕ್ಕದಲ್ಲೇ ಕುಂತಿದ್ದ. ನೀರು ಕುಡ್ಕಂಡ್ ಬತ್ತೀನಿ ಕಣ್ಲಾ ಅಂತ ಎದ್ದೋದ. ಇನ್ನೂ ಬತ್ತಾನೇ ಅವ್ನೆ.'

ಅದೇನೆಂದು ನಾನು ಕೇಳಲಿಲ್ಲ. ನೀವು ಹೇಳಿದರೆ ಕೇಳುತ್ತೇನೆ. ಇಪ್ಪತ್ತಮೂರಕ್ಕೆ ಇನ್ನು ಹೆಚ್ಚು ದಿನ ಉಳಿದಿಲ್ಲ.

ನಿಮ್ಮ ಅಳಿಯ,
ಅಪ್ಪು


ಆತಗೂರು
೫ ಆಗಸ್ಟ್ ೨೦೨೪

ಅಳಿಯಂದಿರಿಗೆ,

ಕೆಂಪಸಿದ್ದಯ್ಯನ ಮನೆಗೆ ಹೋಗಿ ಎಂದು ನಿಮಗೆ ಯಾರು ಹೇಳಿದರು? ಅವನಿಗೂ ನನಗೂ ಮಾತು ಬಿಟ್ಟು ಮೂವತ್ತು ವರ್ಷವಾಯಿತು. ಬಾಯಿಗೆ ಬಂದದ್ದು ಹೇಳುತ್ತಾನೆ. ಇನ್ನು ಈ ವಿಷಯಕ್ಕೆ ಕಾಗದ ಬರೆಯಬೇಡಿ.

ಬಸ್ಸಿನ ಕಂಡಕ್ಟರ್ ಕೈಲಿ ತುಪ್ಪ ಕಳಿಸಿದ್ದೇನೆ. ಅರ್ಪಿತಳಿಗೆ ಕೊಡಿ. ನಯನಳಿಗೂ ರೊಟ್ಟಿಗೆ ಹಚ್ಚಿ ಕೊಡಿ. ಡಬ್ಬಿ ವಾಪಸ್ಸು ಕಳಿಸಿ.

ಹೊನ್ನಯ್ಯ


ಕಿರುಗಾವಲು
೧೪ ಆಗಸ್ಟ್ ೨೦೨೪

ಅಪ್ಪಾ,

ತುಪ್ಪ ಬಂತು. ಡಬ್ಬಿ ತೊಳೆದಿಟ್ಟಿದ್ದೇನೆ. ನಿಮ್ಮಿಬ್ಬರಿಗೂ ಇದೇನು ಕಾಗದದ ವ್ಯವಹಾರ ಎಂದು ಇವರನ್ನು ಕೇಳಿದರೆ ಬಾಯಿ ಬಿಡುವುದಿಲ್ಲ. ನನಗೇನು ಗೊತ್ತಾಗುವುದಿಲ್ಲವೇ? ನೀನು ಬೇಡ ಅಂದಿದ್ದೀಯ. ಅವರ ಮುಖ ನೋಡಿದರೇ ತಿಳಿಯುತ್ತದೆ. ನೀನು ಹಾಗೆ ಹೇಳುತ್ತೀಯ ಅಂತ ನನಗೆ ಮೊದಲೇ ಗೊತ್ತಿತ್ತು ಬಿಡು.

ಇಪ್ಪತ್ತಮೂರರ ಕ್ಯಾಂಪಿಗೆ ಹೆಸರು ಬರೆಸಿ ಬಂದಿದ್ದೇನೆ. ಇವರು ಮೂರು ದಿನದಿಂದ ನನ್ನ ಹತ್ತಿರ ಮಾತಾಡುತ್ತಿಲ್ಲ. ಬೈದರಾದರೂ ಚೆನ್ನಾಗಿತ್ತು. ಸುಮ್ಮನೆ ಕೂಸನ್ನು ಎತ್ತಿಕೊಂಡು ಹಿತ್ತಲಲ್ಲಿ ಓಡಾಡುತ್ತಾರೆ. ಅಷ್ಟು ಒಳ್ಳೆಯವರನ್ನು ನಾನು ಹೇಗೆ ಕಳಿಸಲಿ ಹೇಳು? ಅವರು ಕಂಬದ ಮೇಲಿರುವಾಗ ಏನಾದರೂ ಆದರೆ ನಾನು ಬದುಕಿ ಏನು ಮಾಡಲಿ?

ನನಗೆ ಭಯವಿಲ್ಲ ಅಪ್ಪ. ಅವ್ವನೂ ನನ್ನನ್ನು ಮೂರು ತಿಂಗಳ ಕೂಸಾಗಿದ್ದಾಗ ಬಿಟ್ಟು ಹೋಗಿ ಮಾಡಿಸಿಕೊಂಡು ಬಂದಿತ್ತಲ್ಲ. ಏನಾಯಿತು ಅವ್ವನಿಗೆ? ಏನೂ ಆಗಲಿಲ್ಲ. ಈಚೆಗೆ ಅವ್ವ ಬಹಳ ನೆನಪಾಗುತ್ತದೆ. ಹೊರೆ ಹೊತ್ತುಕೊಂಡು ಬರುವಾಗ ಒಂದು ಕೈ ಹೊರೆ ಮೇಲೆ, ಒಂದು ಕೈ ಹೊಟ್ಟೆ ಮೇಲೆ. ಮುದ್ದೆ ತೊಳಸುವಾಗಲೂ ನಡುನಡುವೆ ಎಡಗೈ ಹೊಟ್ಟೆಗೇ. ಸೀರೆ ನೆರಿಗೆ ಜಾರುತ್ತದೇನೋ ಎಂದುಕೊಳ್ಳುತ್ತಿದ್ದೆ ನಾನು. ಮೊನ್ನೆ ನನಗೆ ಗೊತ್ತಿಲ್ಲದೆ ನಾನೂ ಹಾಗೇ ನಿಂತಿದ್ದೆನಂತೆ. 'ಅವ್ವಾ, ನೀನು ಅಜ್ಜಿ ಫೋಟೋ ತರ ನಿಂತಿದ್ದೀಯ' ಎಂದಳು ನಯನ.

ಆ ಒಂದು ವಾರ ಬಂದು ಮಕ್ಕಳನ್ನು ನೋಡಿಕೋ. ಎತ್ತುಗಳನ್ನು ಪಕ್ಕದ ಮನೆಯ ಸಿದ್ದರಾಜಣ್ಣನಿಗೆ ಒಪ್ಪಿಸಿ ಬಾ.

ನಿನ್ನ ಮಗಳು,
ಅರ್ಪಿತ


ಆತಗೂರು
೧೯ ಆಗಸ್ಟ್ ೨೦೨೪

ಅಪ್ಪು,

ಅಳಿಯಂದಿರು ಗಿಳಿಯಂದಿರು ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. ಹೆಸರು ಹಿಡಿದೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಈ ಕಾಗದ ಕೈಸೇರುವ ಮೊದಲೇ ನಿನಗೆ ವಿಷಯ ತಿಳಿದಿರುತ್ತದೆ. ಅರ್ಪಿತಳ ಕಾಗದ ಇವತ್ತು ಬೆಳಿಗ್ಗೆ ಬಂತು. ಓದಿ ಅಲ್ಲೇ ಅಂಗಳದಲ್ಲಿ ನಿಂತು ಫೋನು ಮಾಡಿದೆ. ಅವಳು 'ಏನಪ್ಪಾ?' ಎಂದು ನಾಲ್ಕು ಸಲ ಕೇಳಿದಳೋ ನಾನೇ ನಾಲ್ಕು ಸಲ ಕೂಗಿದೆನೋ ಗೊತ್ತಿಲ್ಲ. 'ನೀನು ಓಗ್‌ಬ್ಯಾಡ ಕಣವ್ವ! ಅಪ್ಪು ಮಾಡಿಸ್ಕಳ್ಳಿ! ಗಂಡಸಿಗೆ ಏನೂ ಆಗಲ್ಲ! ಅವತ್ತು ಓಡೋದೋನು ನಾನು! ನಿಮ್ಮವ್ವನ್ನ ಕಳಿಸ್ದೋನೂ ನಾನೇ!' ತಿರುಗಿ ನೋಡಿದರೆ ಡೈರಿಗೆ ಹಾಲು ಹಾಕಲು ಹೊರಟಿದ್ದ ಹೆಂಗಸರೆಲ್ಲ ಕ್ಯಾನು ಹಿಡಿದು ನಿಂತಿದ್ದರು. ಊರಿಗೆಲ್ಲ ಕೇಳಿಸಿತು. ಕೇಳಿಸಲಿ.

ಫೋನಿನಲ್ಲಿ ಕೂಗಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಅರ್ಪಿತ ಹುಟ್ಟಿದ ವರ್ಷ. ಯಶೋದಾಗೆ ರಕ್ತ ಕಡಿಮೆ, ನೀವೇ ಮಾಡಿಸಿಕೊಳ್ಳಿ ಎಂದು ನರ್ಸಮ್ಮ ನನಗೆ ಹೇಳಿದ್ದಳು. ನಾನೂ ಕೆಂಪಸಿದ್ದನೂ ಒಂದೇ ಟ್ರ್ಯಾಕ್ಟರಿನಲ್ಲಿ ಹೋದೆವು. ಒಂದು ಶಾಲೆಯಲ್ಲಿ ಕ್ಯಾಂಪು. ಬೆಂಚಿನ ಮೇಲೆ ಕೂರಿಸಿದರು. ಬಟ್ಟೆ ಮುಚ್ಚಿದ ಟ್ರೇ ಹಿಡಿದುಕೊಂಡು ಒಬ್ಬ ಮುಂದೆ ಹಾದುಹೋದ. ಅದರೊಳಗೆ ಏನಿತ್ತೋ ನಾನು ನೋಡಲಿಲ್ಲ. ನನ್ನ ಕಣ್ಣಿಗೆ ಮಾತ್ರ ಇಕ್ಕಳವೇ ಬಂತು. ಹಿಂದಿನ ವಾರ ತಾನೇ ನಮ್ಮ ಹೋರಿಗೆ ಹಾಕಿಸಿದ್ದೆ, ಅದು ಕೆಡೆದುಬಿದ್ದು ಕೂಗಿದ್ದು ಇನ್ನೂ ಕಿವಿಯಲ್ಲಿತ್ತು. ನೀರು ಕುಡಿದು ಬರುತ್ತೇನೆಂದು ಎದ್ದೆ. ಶಾಲೆಯ ಹಿಂದೆ ಕಬ್ಬಿನ ಗದ್ದೆ. ಹೊಕ್ಕವನು ಹೊತ್ತು ಮುಳುಗುವವರೆಗೂ ಈಚೆಗೆ ಬರಲಿಲ್ಲ.

ಮನೆಗೆ ಬಂದು ಯಶೋದಾಗೆ ಏನು ಹೇಳಿದೆ ಗೊತ್ತೇ? 'ಡಾಕ್ಟ್ರು ನನ್ನ ಎದೆ ನೋಡಿದ್ರು. ಎದೆ ಸರಿಯಿಲ್ಲ, ನಿನಗೆ ಬ್ಯಾಡ ಅಂದ್ರು' ಎಂದೆ. ಎದೆ, ಅಪ್ಪು! ನನ್ನ ಸುಳ್ಳು ಎದೆಗೆ ಹೆದರಿ ಮುಂದಿನ ತಿಂಗಳು ಅವಳು ಹೋಗಿ ಮಲಗಿದಳು. ಇವತ್ತು ನನ್ನ ಮಗಳು ನಿಜವಾದ ಎದೆಯ ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಹೊರಟಿದ್ದಾಳೆ. ದೇವರು ಇದ್ದಾನೋ ಇಲ್ಲವೋ ಎಂದು ಜನ ಜಗಳವಾಡುತ್ತಾರೆ.

ಡಾಕ್ಟರು ಏನೂ ತಪ್ಪು ಮಾಡಲಿಲ್ಲ. ತಿಂಗಳು ಭಾರ ಎತ್ತಬೇಡ ಎಂದು ಹೇಳಿ ಕಳಿಸಿದ್ದರು. ಹೋರಿ ವ್ಯಾಪಾರ ಎಂದು ನಾನು ಊರು ಬಿಟ್ಟು ಹೋದೆ. ಐದನೇ ದಿನಕ್ಕೆ ಅವಳೇ ಹುಲ್ಲಿನ ಹೊರೆ ಹೊತ್ತಳು. ಹೊಲಿಗೆ ಬಿಟ್ಟು ಕೀವು ಕಟ್ಟಿತು. ವಾಸಿಯಾಯಿತು, ಆದರೆ ನೋವು ಹೋಗಲಿಲ್ಲ. ಅರ್ಪಿತ ಹೇಳುವ ಆ ಕೈ ಇದೆಯಲ್ಲ, ಹೊಟ್ಟೆ ಮೇಲಿನ ಕೈ, ಅದು ಸೀರೆ ಹಿಡಿದ ಕೈಯಲ್ಲ.

ಯಶೋದಾಗೆ ನಿಜ ಗೊತ್ತಿಲ್ಲ ಎಂದೇ ನಾನು ಬಾಳಿದೆ. ಅದು ಹೊರಗೆ ಬಂದೀತೆಂದೇ ಕೆಂಪಸಿದ್ದನ ಜೊತೆ ಜಗಳ ತೆಗೆದು ಮಾತು ಬಿಟ್ಟೆ. ಐದು ವರ್ಷದ ಹಿಂದೆ ಅವಳು ಕೊನೆಯ ಸಲ ಮಲಗಿದ್ದಾಗ, ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ನನ್ನನ್ನೇ ನೋಡಿ ಕೇಳಿದಳು: 'ಅವತ್ತು ಕಬ್ಬಿನ ಗದ್ದೇಲಿ ಬಿಸ್ಲು ಜೋರಾಗಿತ್ತಾ?'

ಅಷ್ಟೇ. ಬೈಯಲಿಲ್ಲ. ಕೇಳಿ, ಗಂಜಿಗೆ ಬಾಯಿ ತೆರೆದಳು. ಇಪ್ಪತ್ತೇಳು ವರ್ಷ ಗೊತ್ತಿದ್ದೂ ನನಗೆ ಮುದ್ದೆ ಬಡಿಸಿದ್ದಾಳೆ.

ನಿನಗೆ ಯಾವತ್ತು ಗೊತ್ತು ಮಾಡಿದ್ದಾರೆ ತಿಳಿಸು. ನಾನು ಬರುತ್ತೇನೆ. ನೀನು ಬೇಡ ಎಂದರೂ ಬರುತ್ತೇನೆ.

ಹೊನ್ನಯ್ಯ


ಆತಗೂರು
೧೨ ಸೆಪ್ಟೆಂಬರ್ ೨೦೨೪

ಅಪ್ಪುಗೆ ಆಶೀರ್ವಾದ.

ನಿನ್ನ ಆಪರೇಷನ್ ಆಗಿ ಇವತ್ತಿಗೆ ಆರು ದಿನ. ಹೇಗಿದ್ದೀಯ? ಊತ ಇಳಿಯಿತೇ? ಜ್ವರ ಇಲ್ಲ ತಾನೇ? ಲಂಗೋಟಿ ಬಿಗಿಯಾಗಿ ಕಟ್ಟಿಕೋ ಎಂದು ಸಿಸ್ಟರ್ ಹೇಳಿದ್ದು ಮರೆಯಬೇಡ. ನೀನು ಹೊರಗೆ ಬಂದಾಗ ಹೊಲಿಗೆಯೂ ಇರಲಿಲ್ಲ, ಕಾಫಿ ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ. 'ಇಷ್ಟೇನಾ?' ಎಂದು ಆ ಡಾಕ್ಟರನ್ನು ನಾನು ಮೂರು ಸಲ ಕೇಳಿದೆ. ಇಷ್ಟಕ್ಕಾ ನಾನು ಓಡಿಹೋದದ್ದು?

ವಾರ ತುಂಬುವವರೆಗೆ ಕಂಬ ಹತ್ತಬೇಡ. ನಿಮ್ಮ ಇಂಜಿನಿಯರು ಕಿರಿಕಿರಿ ಮಾಡಿದರೆ ಹೇಳು, ನಾನೇ ಬಂದು ಮಾತಾಡುತ್ತೇನೆ. ಮೂರು ತಿಂಗಳು ಜೋಪಾನವಾಗಿರಬೇಕು, ಅಲ್ಲಿಯವರೆಗೆ ಮಗುವಾಗುವ ಸಂಭವ ಇದ್ದೇ ಇರುತ್ತದೆ ಎಂದು ಸಿಸ್ಟರ್ ನಿರೋಧ್ ಪೊಟ್ಟಣ ಕೊಟ್ಟರಲ್ಲ, ಅದನ್ನು ಬಳಸು. ಕೊನೆಗೆ ಪರೀಕ್ಷೆ ಮಾಡಿಸಿ ರಿಪೋರ್ಟ್ ನೋಡಿದ ಮೇಲೇ ನಂಬಬೇಕು. ಮಾವನಾಗಿ ಇದನ್ನೆಲ್ಲ ಬರೆಯುತ್ತಿದ್ದೇನಲ್ಲ, ಕಾಲ ಕೆಟ್ಟಿತು ಎನ್ನಬೇಕೋ ಸುಧಾರಿಸಿತು ಎನ್ನಬೇಕೋ ತಿಳಿಯದು.

ಆ ಮೋಹಿನಿ ಸಿಸ್ಟರ್ ನನ್ನನ್ನೂ ಬಿಡಲಿಲ್ಲ ನೋಡು. ನೀನು ಒಳಗಿದ್ದಾಗ, 'ತಾತಾ, ಮೂರು ಸಲ ಬಾತ್‌ರೂಮಿಗೆ ಹೋಗಿ ಬಂದ್ರಲ್ಲ, ಯಾವಾಗ್ಲೂ ಹಿಂಗೇನಾ?' ಎಂದರು. ಉಷ್ಣ ಎಂದೆ. ಎರಡು ವರ್ಷದಿಂದ ಮಜ್ಜಿಗೆ ಕುಡಿದದ್ದೇ ಕುಡಿದದ್ದು. ಉಷ್ಣವಲ್ಲವಂತೆ. ಈ ವಯಸ್ಸಿಗೆ ಗಂಡಸರಿಗೆ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ದಪ್ಪಗಾಗಿ ದಾರಿ ಒತ್ತುತ್ತದೆ, ಸಕ್ಕರೆ ಕಾಯಿಲೆಯೂ ಇರಬಹುದು, ತೋರಿಸದೆ ಕೂರಬಾರದು ಎಂದು ಚೀಟಿ ಬರೆಸಿಯೇ ಬಿಟ್ಟರು. ಸಕ್ಕರೆ ಇಲ್ಲ. ಇನ್ನೊಂದಕ್ಕೆ ಮಾತ್ರೆ ಕೊಟ್ಟಿದ್ದಾರೆ. ಈಗ ರಾತ್ರಿ ಒಂದೇ ಸಲ ಏಳುತ್ತೇನೆ. ಇದನ್ನು ಅರ್ಪಿತಳಿಗೆ ಹೇಳಬೇಡ, ಹೇಳಿದರೆ ದಿನಾ ಫೋನು ಮಾಡಿ ಕೂಗುತ್ತಾಳೆ.

ಮಳವಳ್ಳಿಗೆ ಹೋಗಿದ್ದೆ. ಕೆಂಪಸಿದ್ದ ಜಗಲಿ ಮೇಲೆ ಕೂತಿದ್ದ. ನಾನು ಹೋಗಿ ನಿಂತೆ. ನೋಡಿದ, ನೋಡಿದ, ಆಮೇಲೆ ಒಳಗೆ ತಿರುಗಿ ಕೂಗಿದ: 'ಲೇ ಪಟ್ಟಲೀ, ಹೊನ್ನ ನೀರು ಕುಡ್ಕಂಡು ಬಂದವ್ನೆ ಕಣ್ಲೇ! ಕಾಫಿ ಇಡು!' ಇಬ್ಬರೂ ಅತ್ತೆವು. ಸಾಯಂಕಾಲದ ಬಸ್ಸಿಗೆ ವಾಪಸ್ಸು ಬಂದೆ.

ನಿನ್ನ ಮಾವ,
ಹೊನ್ನಯ್ಯ


ಕಿರುಗಾವಲು
೧೧ ಡಿಸೆಂಬರ್ ೨೦೨೪

ಮಾವನವರಿಗೆ ನಮಸ್ಕಾರ.

ರಿಪೋರ್ಟ್ ಬಂತು. ಸೊನ್ನೆ. ಸ್ಕೂಲಿನಲ್ಲಿ ಸೊನ್ನೆ ತೆಗೆದಾಗ ಅಪ್ಪನ ಕೈಲಿ ಒದೆ ತಿಂದವನು ನಾನು, ಈ ಸೊನ್ನೆಯನ್ನು ನಾಲ್ಕು ಸಲ ಓದಿದೆ. ಅರ್ಪಿತ ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದಳು, ನಯನ 'ಇದೇನವ್ವಾ?' ಎಂದ ಮೇಲೆ ತೆಗೆದು ಬೀರುವಿಗೆ ಹಾಕಿದಳು.

ಅವಳು ಚೆನ್ನಾಗಿದ್ದಾಳೆ. ಎದೆಯ ಮಾತ್ರೆ ತಪ್ಪಿಸುವುದಿಲ್ಲ. ಮೊದಲೆಲ್ಲ ತಿಂಗಳ ದಿನ ಎರಡು ದಿನ ತಡವಾದರೆ ಮುಖ ಬಿಳುಚಿಕೊಂಡು ಕೂರುತ್ತಿದ್ದಳು. ಈಗ ನಗುತ್ತಿರುತ್ತಾಳೆ. ಅಷ್ಟು ಹೇಳಿದರೆ ಸಾಕು, ಉಳಿದದ್ದು ನೀವು ಕೇಳಬೇಡಿ, ನಾನು ಬರೆಯುವುದಿಲ್ಲ.

ಹೋದ ವಾರ ಗಾಳಿಗೆ ಲೈನು ಹರಿದು ಮೂರು ಊರಿಗೆ ಕರೆಂಟಿರಲಿಲ್ಲ. ಒಂದೇ ದಿನ ಒಂಬತ್ತು ಕಂಬ ಹತ್ತಿ ಇಳಿದೆ ಮಾವ. ಒಂಬತ್ತನೆಯದರ ಮೇಲೆ ನಿಂತಾಗ ನಿಮ್ಮ ಎತ್ತು ನೆನಪಾಗಿ ಒಬ್ಬನೇ ನಕ್ಕೆ. ಕೆಳಗಿದ್ದವರು ಶಾಕ್ ಹೊಡೆಯಿತೇನೋ ಎಂದು ಹೆದರಿದರು.

ಒಂದು ಮಾತು ಮೂರು ತಿಂಗಳಿನಿಂದ ಗಂಟಲಲ್ಲಿದೆ. ಅವತ್ತು ಆಸ್ಪತ್ರೆಯಲ್ಲಿ ನನ್ನ ಹೆಸರು ಕೂಗುವುದಕ್ಕೆ ಮುಂಚೆ 'ನೀರು ಕುಡಿದು ಬರ್ತೀನಿ ಮಾವ' ಎಂದು ನಾನು ಎದ್ದೆನಲ್ಲ, ನನಗೆ ಬಾಯಾರಿರಲಿಲ್ಲ. ಅಷ್ಟೆಲ್ಲ ತಿಳಿದುಕೊಂಡು, ನಿಮಗೇ ಪಾಠ ಹೇಳಿದವನು ನಾನು. ಬೆಂಚಿನ ಮೇಲೆ ಕೂತಾಗ ಒಂದೂ ನೆನಪಿರಲಿಲ್ಲ. ಕಾಲುಗಳು ತಾವಾಗಿಯೇ ಎದ್ದವು. ಗೇಟು ಎಲ್ಲಿದೆ ಎಂದು ಆಗಲೇ ನೋಡಿಟ್ಟಿದ್ದೆ. ಓಡಿಹೋಗುವವನಿದ್ದೆ ಮಾವ.

ನೀವೂ ಎದ್ದಿರಿ. ನನ್ನ ಮುಂಗೈ ಹಿಡಿದುಕೊಂಡು ಕಾರಿಡಾರಿನ ಕೊನೆಯ ನಲ್ಲಿಯವರೆಗೆ ನಡೆದಿರಿ. ನಾನು ಕುಡಿದೆ, ನೀವೂ ಕುಡಿದಿರಿ. 'ಆಯ್ತಾ? ನಡಿ' ಎಂದು ಹಾಗೇ ಕೈಹಿಡಿದು ತಿರುಗಿಸಿಕೊಂಡು ಬಂದು ಕೂರಿಸಿದಿರಿ. ನಿಮಗೆ ಗೊತ್ತಾಗಲಿಲ್ಲ ಎಂದುಕೊಂಡಿದ್ದೇನೆ. ಗೊತ್ತಿಲ್ಲದಿದ್ದರೂ ಹೇಳಿಬಿಡಬೇಕೆನಿಸಿತು.

ನಿಮ್ಮ ಅಪ್ಪು


ಆತಗೂರು
೧೯ ಡಿಸೆಂಬರ್ ೨೦೨೪

ಅಪ್ಪು ಮಗ,

ಸೊನ್ನೆಯ ವಿಷಯ ಓದಿ ಸಂತೋ‍ಷವಾಯಿತು. ಯಶೋದಾಳ ಫೋಟೋ ಮುಂದೆ ನಿಂತು ಅವಳಿಗೂ ಜೋರಾಗಿಯೇ ಓದಿ ಹೇಳಿದೆ. ಅವಳಿಗೆ ಕಿವಿ ಚೆನ್ನಾಗಿಯೇ ಇತ್ತು, ಕೂಗುವುದು ನನಗೆ ಅಭ್ಯಾಸವಾಗಿಹೋಗಿದೆ.

ಅವರೆಕಾಯಿ ಬಂದಿದೆ, ಕಳಿಸುತ್ತೇನೆ. ಹೋದ ಸಲದ ತುಪ್ಪದ ಡಬ್ಬಿ ಇನ್ನೂ ಬಂದಿಲ್ಲ.

ನೀನು ಬರೆದದ್ದಕ್ಕೆ ಹೇಳುತ್ತೇನೆ. ಅವತ್ತು ಮನೆಯಿಂದ ಹೊರಡುವಾಗ ಅರ್ಪಿತ ನನ್ನ ಚೀಲಕ್ಕೆ ಎರಡು ಬಾಟ್ಲಿ ನೀರು ತುಂಬಿ ಇಟ್ಟಿದ್ದಳು. ನೀನು ಎದ್ದಾಗ ಎರಡೂ ನನ್ನ ಕಾಲ ಹತ್ತಿರವೇ ಇದ್ದವು.

ಕೊಡಲಿಲ್ಲ. ಜೊತೆಗೆ ಎದ್ದು ಬಂದೆ.

ನಿನ್ನ ಮಾವ,
ಹೊನ್ನಯ್ಯ